ಹತ್ತು ಲಕ್ಷದ ಒಂದು

ಆಗೆಲ್ಲ ನಮ್ಮ ಬಿಬವೇವಾಡಿಯ ಮನೆಗೆ ಧಾರವಾಡದಿಂದ ಅಜ್ಜ ಬಂದನೆಂದರೆ ಎರಡು ಸಂಗತಿ ಖಚಿತ: ಸಂಜೆಗೆ ಒಗ್ಗರಣೆ ಘಮಘಮಿಸುವ ಚುರುಮುರಿ ಸುಸಲ, ಅದರ ಹಿಂದೆಯೇ ಒಂದು ಲೆಕ್ಕ. ಶಾಲಾ ಮಾಸ್ತರನಾಗಿದ್ದ ಅಜ್ಜ ತಪ್ಪು ಲೆಕ್ಕಕ್ಕೆ ಜನ್ಮದಲ್ಲಿ ಸರಿ ಗುರುತು ಹಾಕಿದವನಲ್ಲ. ಸ್ವಂತ ಮಗನಾದ ನನ್ನ ಅಪ್ಪನನ್ನೂ ಬಿಟ್ಟಿರಲಿಲ್ಲವಂತೆ.

ಆ ಮಳೆಗಾಲ ಅಜ್ಜ ಕಾತ್ರಜದಲ್ಲಿ ಬಸ್ಸಿಳಿದು ಬಂದದ್ದು ನನ್ನನ್ನು ನೋಡಿಕೊಳ್ಳಲು. ನಾಲ್ಕು ವರ್ಷದ ತಮ್ಮ ಚಿನ್ನು ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದ. ಅವ್ವ, ಅಪ್ಪ ಇಬ್ಬರೂ ಅಲ್ಲೇ. ದಿನಾ ಸಂಜೆ ಅಪ್ಪ ಫೋನ್ ಮಾಡಿ ಪ್ಲೇಟ್‌ಲೆಟ್ ಎಷ್ಟೆಂದು ಹೇಳುತ್ತಿದ್ದ. ಅದು ಇಳಿಯುತ್ತಲೇ ಇತ್ತು. ಹತ್ತು ವರ್ಷದ ನನ್ನಿಂದ ಏನಾಗಬೇಕು? ನನ್ನನ್ನು ವಾರ್ಡಿನೊಳಗೂ ಬಿಡುತ್ತಿರಲಿಲ್ಲ.

ನಾನು ಊಟ ಬಿಟ್ಟು ಬಾಗಿಲಲ್ಲಿ ಕೂತದ್ದನ್ನು ಕಂಡು ಅಜ್ಜ ನನ್ನ ವಹಿಯಲ್ಲಿ 10,00,001 ಎಂದು ಬರೆದ. "ಸುಮೀ, ಇದು ಒಡೀತದೋ, ಗಟ್ಟಿ ಅದನೋ ಹೇಳು ನೋಡೂಣು." ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗೆ ಅಜ್ಜ ಗಟ್ಟಿ ಸಂಖ್ಯೆ ಎನ್ನುತ್ತಿದ್ದ. ನಾನೋ ಹುಚ್ಚು ಹುಡುಗಿ, ಮನಸ್ಸಿನಲ್ಲೇ ಶಕುನ ಕಟ್ಟಿಕೊಂಡೆ: ಇದು ಒಡೆಯದಿದ್ದರೆ ಚಿನ್ನು ಮನೆಗೆ ಬರುತ್ತಾನೆ.

ಕೊನೆಯ ಅಂಕಿ ಒಂದು, ಎರಡರಿಂದ ಹೋಗದು. ಅಂಕಿಗಳ ಮೊತ್ತ ಎರಡು, ಮೂರರಿಂದಲೂ ಹೋಗದು. ಏಳು, ಹನ್ನೊಂದು, ಹದಿಮೂರು... ಕೆಳಗೆ ಲಗೋರಿ ಆಡುತ್ತಿದ್ದ ಗೆಳತಿಯರು "ಸುಮೇ, ಯೇ ನಾ ಗ!" ಎಂದು ಮರಾಠಿಯಲ್ಲಿ ಆಟಕ್ಕೆ ಕರೆದು ಕರೆದು ಬಿಟ್ಟರು. ಪ್ರತಿ ಸಲ ಶೇಷ ಉಳಿದಾಗ ನನಗೆ ಹೋದ ಜೀವ ಬಂದಂತಾಗುತ್ತಿತ್ತು. ಮೂರನೆಯ ದಿನ ನೂರರೊಳಗಿನ ಕೊನೆಯ ಗಟ್ಟಿ ಸಂಖ್ಯೆ ತೊಂಬತ್ತೇಳೂ ಮುಗಿಯಿತು.

"ಅಜ್ಜಾ, ಗಟ್ಟಿ ಅದ! ನೂರರ ತನಕಾ ನೋಡೀನಿ!"

"ನೂರಕ್ಕ ಯಾಕ ನಿಂತಿ? ನೂರಾ ಒಂದು ಯಾರು ನೋಡಬೇಕು?" ಅಜ್ಜ ಮೀಸೆಯಲ್ಲೇ ನಕ್ಕ.

ಭಾಗಿಸಿದೆ. 9901 ಬಂತು, ಶೇಷ ಸೊನ್ನೆ. ಮತ್ತೊಮ್ಮೆ ಭಾಗಿಸಿದೆ. ಮತ್ತೂ ಸೊನ್ನೆ.

"ಶಾಬಾಸ್!" ಎಂದ ಅಜ್ಜ, ನಾನು ಗೋಳೋ ಎಂದು ಅತ್ತದ್ದು ಕಂಡು ಗಾಬರಿಯಾದ. ಬಿಕ್ಕುತ್ತಲೇ ಶಕುನದ ಮಾತು ಹೇಳಿದೆ.

"ಅಯ್ಯ ನನ್ನವ್ವಾ..." ಅಜ್ಜ ಕೆಂಪು ಪೆನ್ನು ತೆಗೆದು ನನ್ನ ಕೊನೆಯ ಭಾಗಾಕಾರವನ್ನು ಹೊಡೆದುಹಾಕಿದ. ಕೆಳಗೆ 'ಒಡೆಯುವುದಿಲ್ಲ' ಎಂದು ಬರೆದು ಸರಿ ಗುರುತು ಹಾಕಿದ. "ಮಾಸ್ತರ ನಾನೋ, ನೀನೋ? ನಾ ಹೇಳ್ತೀನಿ, ಒಡಿಯೂದಿಲ್ಲ."

ಮರುದಿನ ಸಂಜೆ ಅಪ್ಪ ಫೋನಿನಲ್ಲಿ ಯಾವ ಸಂಖ್ಯೆಯನ್ನೂ ಹೇಳಲಿಲ್ಲ. ಬರೀ ಅಳುತ್ತಿದ್ದ. ಚಿನ್ನು ಹೋಗಿಬಿಟ್ಟಿದ್ದ.

ಆಮೇಲೆ ಅಜ್ಜ ನನಗೆ ಲೆಕ್ಕ ಕೊಡಲೇ ಇಲ್ಲ. ಈಗ ಅವನೂ ಇಲ್ಲ. ಮೊಬೈಲಿಗೆ ಆ ಸಂಖ್ಯೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಒಡೆದು ತೋರಿಸುತ್ತದೆ. ಅಳುವವರನ್ನು ಕಂಡು ಅದು ಉತ್ತರ ಬದಲಿಸುವುದಿಲ್ಲ. ವಹಿ ನನ್ನ ಕಪಾಟಿನಲ್ಲಿದೆ. ಅಜ್ಜ ಜನ್ಮದಲ್ಲಿ ತಪ್ಪು ಲೆಕ್ಕಕ್ಕೆ ಹಾಕಿದ ಒಂದೇ ಒಂದು ಸರಿ ಗುರುತು ಅದರಲ್ಲಿದೆ. ನನಗೋಸ್ಕರ ಅಷ್ಟು ದೊಡ್ಡ ತಪ್ಪು ಮಾಡುವವರು ಮತ್ತೆ ಯಾರೂ ಸಿಗಲಿಲ್ಲ.