ಛಾಯಾ ಮೇಡಂ ಮತ್ತು ಮಲ್ಲಾರಿಯವರ ಟೊಂಕದ ಪಟ್ಟಾ

ಸಂಜೆ ಕಾಲೇಜಿನಲ್ಲಿ ಹೇಗೋ ಪದವಿ ಮುಗಿಸಿದ ನನ್ನಂಥ ಸಹಾಯಕನು, ದೊಡ್ಡ ವೈದ್ಯರು ಬರೆದ ಈ ಬೀಳ್ಕೊಡುಗೆಯ ಗ್ರಂಥದಲ್ಲಿ ಬರೆಯಲು ಧೈರ್ಯ ಮಾಡಿದ್ದಕ್ಕೆ ಓದುಗರು ಕ್ಷಮಿಸಬೇಕು. ನಮ್ಮ ಸೀಮೆಯಲ್ಲಿ ಹಳೆಯ ಟೊಂಕನೋವಿಗೆ ವ್ಯಾಯಾಮ ಚಿಕಿತ್ಸೆ ಕೊಡುವವರು ಹಲವರಿದ್ದಾರೆ. ತನ್ನ ನೋವಿನ ಬಗ್ಗೆ ರೋಗಿ ಏನು ನಂಬಿದ್ದಾನೆಂದು ಕೇಳಿಯೇ ಕೈ ಹಚ್ಚುವವರಲ್ಲಿ ಶ್ರೀಮತಿ ಛಾಯಾ ಮೇಡಂ ಮೊದಲಿಗರು. ಕೊಲ್ಲಾಪುರದಲ್ಲಿ ಸೇವೆ ಆರಂಭಿಸಿ, ಇಚಲಕರಂಜಿಯಲ್ಲಿ ಹದಿನಾಲ್ಕು ವರ್ಷ ಮಗ್ಗದ ಕಾರ್ಮಿಕರ ಬೆನ್ನು ನೋಡಿ, ಈಗ ಗಡಹಿಂಗ್ಲಜದಲ್ಲಿ ನಿವೃತ್ತರಾಗುತ್ತಿದ್ದಾರೆ. ನಾನು ಅವರ ಕೈಕೆಳಗೆ ಸೇರಿದ್ದು ಇಚಲಕರಂಜಿಯಲ್ಲಿ.

೨೦೧೭ರ ಶ್ರಾವಣದಲ್ಲಿ ದಾನೋಳಿಯ ಕುರಿಗಾರ ಮಲ್ಲಾರಿ ಬಂದರು. ಎರಡು ವರ್ಷದಿಂದ ಟೊಂಕದ ಪಟ್ಟಾ ಬಿಚ್ಚಿರಲಿಲ್ಲ, ಮಲಗುವಾಗಲೂ. ಮರಿ ಎತ್ತಲಾಗದವನಿಗೆ ಕುರಿ ಯಾಕೆಂದು, ದೀಪಾವಳಿಗೆ ಹಿಂಡನ್ನು ತಮ್ಮನಿಗೆ ಬಿಟ್ಟುಕೊಡಲು ನಿಶ್ಚಯಿಸಿದ್ದರು. ಬೆನ್ನಿನೊಳಗೆ ಏನಾಗಿದೆ ಅನ್ನಿಸುತ್ತದೆ ಎಂದು ಮೇಡಂ ಕೇಳಿದರು.

"ಬೆನ್ನಿನ ಮಣಕ್ಯಾಗ ಗ್ಯಾಪ್ ಬಿದ್ದೈತ್ರಿ ಬಾಯಾರ. ಬಾಗಿದ್ರ ಮುರೀತೈತಿ. ಇವರ ಹೇಳ್ಯಾರ," ಎಂದು ನನ್ನ ಕಡೆ ಕೈ ಮಾಡಿದರು.

ಹೌದು, ನಾನೇ. ಎರಡು ವರ್ಷದ ಹಿಂದೆ ಮೇಡಂ ರಜೆಯಲ್ಲಿದ್ದ ದಿನ, ರೋಗಿಗಳ ಗದ್ದಲದಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲ್ಲರಿಗೂ ಹೇಳುತ್ತಿದ್ದುದನ್ನೇ ಅವರಿಗೂ ಹೇಳಿದ್ದೆ.

ಮೇಡಂ ಬೈಯಲಿಲ್ಲ. ಬೆನ್ನುಮೂಳೆಯ ಹಾಗೆ ವಯಸ್ಸಾದ ಕುರಿಯ ಹಲ್ಲೂ ಸವೆಯುತ್ತದಲ್ಲ, ಅದು ಮೇಯುವುದನ್ನು ಬಿಡುತ್ತದೆಯೇ ಎಂದು ಮಲ್ಲಾರಿಯವರನ್ನು ಕೇಳಿದರು.

"ಹಲ್ಲ ಸವದ ಕುರಿ ನಾವು ಕಡಿಯಾಕ ಕಟಗರಿಗೆ ಕೊಡ್ತೀವ್ರಿ."

ಮೇಡಂ ನಕ್ಕುಬಿಟ್ಟರು. ಆಮೇಲೆ ನನ್ನತ್ತ ತಿರುಗಿ, "ಹೇಳಿದವರು ನೀವು. ನೀವ ತಿದ್ದರಿ," ಎಂದರು. ಎಕ್ಸ್‌ರೇಯಲ್ಲಿ ಇಂಥದ್ದು ನೋವಿಲ್ಲದವರಲ್ಲೂ ಕಾಣುತ್ತದೆ, ಬಾಗಿದರೆ ಬೆನ್ನು ಮುರಿಯುವುದಿಲ್ಲ, ನಾನು ತಿಳಿಯದೆ ಹೇಳಿದೆ ಎಂದು ತೊದಲುತ್ತ ಒಪ್ಪಿಕೊಂಡೆ. ಮಲ್ಲಾರಿ ತಮ್ಮ ಟೊಂಕದ ಪಟ್ಟಾ ಮುಟ್ಟಿ ನೋಡಿಕೊಂಡರು.

"ಎರಡ ವರ್ಷ ಆತಲ್ರಿ ಸಾಹೇಬ್ರ," ಎಂದಷ್ಟೇ ಹೇಳಿದರು.

ಮೊದಲ ದಿನ ಕುರ್ಚಿಯಲ್ಲಿ ಕುಳಿತು, ಬಾಗಿ ತಮ್ಮ ಚಪ್ಪಲಿ ಮುಟ್ಟಿದರು. ಮುಂದೆ ಬಾಗಿ ಎತ್ತಲು ಉಸುಕಿನ ಚೀಲ, ವಾರವಾರ ತುಸು ಹೆಚ್ಚು ಭಾರ. ಅವರು ಬಾಗಿದಾಗಲೆಲ್ಲ ಮೇಡಂ ಎದುರು ನಿಂತು ತಾವೂ ಬಾಗುತ್ತಿದ್ದರು. ಪಟ್ಟಾ ತೆಗೆಯಿರೆಂದು ಒಮ್ಮೆಯೂ ಹೇಳಲಿಲ್ಲ; ಐದನೆಯ ವಾರ ಮಲ್ಲಾರಿ ತಾವೇ ಅದನ್ನು ಮನೆಯಲ್ಲಿ ಬಿಟ್ಟು ಬಂದರು. ದೀಪಾವಳಿ ಕಳೆದು ತಿಂಗಳಿಗೆ ನಾವಿಬ್ಬರೂ ದಾನೋಳಿಗೆ ಹೋದಾಗ, ಕಬ್ಬು ಕಡಿದ ಹೊಲದಲ್ಲಿ ಅವರ ಹಿಂಡು ಮೇಯುತ್ತಿತ್ತು. ಬಾಗಿ ಮರಿಯೊಂದನ್ನು ಎತ್ತಿ ನನ್ನ ಕೈಗಿಟ್ಟು, ನೋವು ಇನ್ನೂ ಅಷ್ಟಿಷ್ಟು ಇದೆ, ಆದರೆ ಕುರಿ ತಮ್ಮನಿಗೆ ಬಿಡುವುದಿಲ್ಲ ಎಂದರು.

ಮೇಡಂ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಕೂಡಿ ಬರಲಿ; ಗಡಹಿಂಗ್ಲಜದ ಮನೆಯ ಪಡಸಾಲೆಯಲ್ಲಿ ಅವರು ತೆರೆಯಲಿರುವ ವ್ಯಾಯಾಮದ ತರಗತಿ ಬಹುಕಾಲ ನಡೆಯಲಿ. ಮಲ್ಲಾರಿಯವರಲ್ಲಿ ವ್ಯಾಯಾಮ ಎಷ್ಟು, ಅಂಜಿಕೆ ಬಿಟ್ಟದ್ದು ಎಷ್ಟು ಕೆಲಸ ಮಾಡಿತೆಂದು ಮೇಡಂ ಕೂಡ ಖಚಿತವಾಗಿ ಹೇಳುವುದಿಲ್ಲ. ಗ್ಯಾಪ್ ಬಿದ್ದಿದೆ, ಬಾಗಬೇಡಿ ಎಂಬ ಆ ಮಾತನ್ನು ನಾನು ಇನ್ನೆಷ್ಟು ಜನರಿಗೆ ಹೇಳಿದ್ದೆನೋ, ಅವರಲ್ಲಿ ಯಾರು ಇಂದಿಗೂ ಬಾಗದೆ ಬದುಕುತ್ತಿದ್ದಾರೋ, ನನಗೆ ಗೊತ್ತಿಲ್ಲ.