ಮೀನಿಗೆ ತಂದ ನೇಲ್‌ಪಾಲಿಶ್

ಗೋಕಾಕದ ನಮ್ಮ ಬಾಜೂ ಮನೆಯ ಕಾಕೂ ಬಣ್ಣವಿಲ್ಲದ ನೇಲ್‌ಪಾಲಿಶ್ ಕೊಳ್ಳುತ್ತಿದ್ದದ್ದು ಕಲ್ಲಾಗಿಹೋದ ಮೀನುಗಳಿಗಾಗಿ. ಅವರ ಉಗುರಿಗೆ ಅದು ತಾಗಿದ್ದನ್ನು ನಾನು ಕಂಡಿರಲಿಲ್ಲ. ಕೌಜಲಗಿ ಕಡೆ ಬಾವಿ ತೋಡಿದಲ್ಲೆಲ್ಲ ಹೋಗಿ ಬಿಳಿಕಲ್ಲು ಆರಿಸಿ ತರುವರು. ಅದರಲ್ಲಿ ಹುದುಗಿದ ಮೀನಿನ ಹುರುಪೆಯನ್ನು ಸೂಜಿಯಿಂದ ಬಿಡಿಸುವರು. "ಅಲ್ಲಾಡಬ್ಯಾಡವಾ" ಎಂದು ನನಗೂ ಬೆಕ್ಕಿಗೂ ಒಂದೇ ದನಿಯಲ್ಲಿ ಗದರುವರು.

ಒಂದು ಸಂಜೆ ಹುರುಪೆಯೊಂದು ಬಿರುಕು ಬಿಡತೊಡಗಿತು. ಅಂಟಿಸಲು ಕಾಕೂ ಪಾಲಿಶ್ ಅದ್ದಿದ ಬ್ರಶ್ ಎತ್ತಿದ್ದೇ ಕರೆಂಟ್ ಹೋಯಿತು. ಹನಿ ತಪ್ಪಿ ಸುತ್ತಲಿನ ಕಲ್ಲಿನ ಧೂಳಿಗೆ ಬಿದ್ದರೆ ಆ ಧೂಳು ಹುರುಪೆಗೆ ಕಾಯಂ ಅಂಟಿಬಿಡುತ್ತದೆ.

"ಟಾರ್ಚ್ ತರ್ಲೇನ್ರಿ, ಕಾಕೂ?" ಎಂದೆ.

"ಅಲ್ಲಾಡಬ್ಯಾಡವಾ!"

ಎದ್ದರೆ ಟೇಬಲ್ ಅಲುಗುತ್ತಿತ್ತು. ಉಸಿರು ಬಿಗಿಹಿಡಿದು ಕುಳಿತೆ.

ಕರೆಂಟ್ ಬಂದಾಗ ಹುರುಪೆ ಹಾಗೇ ಇತ್ತು. ಕತ್ತಲಲ್ಲೇ ಬ್ರಶ್ಶಿನ ಕೆಳಗೆ ಅಡ್ಡ ಹಿಡಿದಿದ್ದ ಕಾಕೂನ ಹೆಬ್ಬೆರಳಿನ ಸವೆದ ಉಗುರು ಥಳಥಳ ಹೊಳೆಯುತ್ತಿತ್ತು.