ಮಾಲ್‌ಪ್ರಾಕ್ಟೀಸ್‌ಗೆ ‘ಹೌದು’ ಎಂದ ದಿನ

ಐರ್ಲೆಂಡಿಗೆ ಬಂದ ಒಂಬತ್ತನೆಯ ದಿನ. ನಾನು ನರ್ಸ್ ಆಗಿ ಸೇರಬೇಕಿದ್ದ ವೃದ್ಧರ ಆರೈಕೆಮನೆಯ ಮೇಲ್ವಿಚಾರಕಿ ನನ್ನ ಅರ್ಜಿ ಓದುತ್ತ ಕನ್ನಡಕ ತೆಗೆದಿಟ್ಟರು. ‘ಇವತ್ತು ಯಾರ ಕೋಣೆಗೂ ಹೋಗಬೇಡಿ. ನಾಳೆ ಮಾತಾಡೋಣ’ ಎಂದರು, ನಗುತ್ತಲೇ. ಇಲ್ಲಿ ಕೆಟ್ಟ ಸುದ್ದಿಯನ್ನೂ ನಗುತ್ತ ಹೇಳುತ್ತಾರೆ. ನಮ್ಮೂರು ಶಿಗ್ಗಾಂವದಲ್ಲಾದರೆ ದನಿ ಏರಿದಾಗಲೇ ತಿಳಿಯುತ್ತಿತ್ತು.

ಹೊಸ ಪದಗಳನ್ನು ದಿನಚರಿಯಲ್ಲಿ ಎಣಿಸಿ ಬರೆಯುತ್ತಿದ್ದೇನೆ, ಅಂದಿಗೆ ಮೂವತ್ತೊಂದು. ‘ಗ್ರ್ಯಾಂಡ್’ ಎಂದರೆ ನಮ್ಮಲ್ಲಿ ಅದ್ದೂರಿ ಮದುವೆ, ಇಲ್ಲಿ ಬರೀ ‘ಪರವಾಗಿಲ್ಲ’. ಗೊತ್ತಿಲ್ಲದ ಪದಗಳ ಬಗ್ಗೆ ಎಚ್ಚರವಿತ್ತು. ಗೊತ್ತಿದ್ದ ಪದವೇ ಕೈಕೊಟ್ಟಿತು.

ಅರ್ಜಿಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಮಾಲ್‌ಪ್ರಾಕ್ಟೀಸ್ ಆರೋಪ ಬಂದಿದೆಯೇ?’ ಎಂಬ ಪ್ರಶ್ನೆಯಿತ್ತು. ‘ಹೌದು, ಒಮ್ಮೆ’ ಎಂದು ಬರೆದಿದ್ದೆ. ಪಿಯುಸಿ ಪರೀಕ್ಷೆಯಲ್ಲಿ ನನ್ನ ಬೆಂಚಿನ ಕೆಳಗೆ ಸ್ಕ್ವಾಡಿನವರಿಗೆ ಕಾಪಿ ಚೀಟಿ ಸಿಕ್ಕಿತ್ತು. ಆರು ತಿಂಗಳು ಅಲೆದ ಮೇಲೆ ಅಕ್ಷರ ನನ್ನದಲ್ಲವೆಂದು ಬೋರ್ಡಿನವರು ಒಪ್ಪಿದರು. ಓಣಿ ಮಾತ್ರ ಒಪ್ಪಲಿಲ್ಲ.

ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಹಿರೇಕೆರೂರಿನ ರೇಣುಕಕ್ಕ ಇಲ್ಲಿ ನಾಲ್ಕು ವರ್ಷದಿಂದ ನರ್ಸ್. ಕೇಳಿದವಳೇ ಹಣೆ ಬಡಿದುಕೊಂಡಳು.

‘ಅಯ್ಯ ನಮ್ಮವ್ವ! ಇಲ್ಲಿ ಮಾಲ್‌ಪ್ರಾಕ್ಟೀಸ್ ಅಂದ್ರ ಕಾಪಿ ಹೊಡಿಯೂದಲ್ಲ. ಪೇಷಂಟಿಗೆ ತಪ್ಪು ಔಷಧ ಕೊಟ್ಟು ಕೇಡು ಮಾಡೂದು. ನೀ ಯಾರನ್ನೋ ಕೊಂದ ಬಂದಿ ಅಂತ ತಿಳ್ಕೊಂಡಾರ ಅವರು!’

‘ಖರೇನ ಬರದೇನಲ್ಲಕ್ಕಾ.’

‘ಬರಿ, ಬರಿ. ಒಂದನೇ ಕ್ಲಾಸಿನ್ಯಾಗ ಪಾಟಿ ಒಡದಿದ್ದೂ ಬರಿ!’

ನಗು ಬರಲಿಲ್ಲ. ಅವರು ಒಪ್ಪದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಊರಿಂದ ತಂದ ಖಡಕ್ ರೊಟ್ಟಿ ಹದಿನಾಲ್ಕು ಉಳಿದಿದ್ದವು; ಅಂದು ಒಂದನ್ನೂ ಮುರಿಯಲಿಲ್ಲ.

ಮರುದಿನ ಮೇಲ್ವಿಚಾರಕಿಗೆ ಎಲ್ಲ ವಿವರಿಸಿದೆ. ‘ಓ, ಚೀಟಿಂಗ್!’ ಎಂದು ಅವರು ಹಗುರಾದರು. ನಾನು ಬಿಗಿದುಕೊಂಡೆ. ಇಲ್ಲಿ ಅದು ಬರೀ ಕಾಪಿ ಹೊಡೆಯುವುದು; ನಮ್ಮ ಕಡೆ ಚೀಟಿಂಗ್ ಎಂದರೆ ಫೋರ್ ಟ್ವೆಂಟಿ, ಮಂದಿಯನ್ನು ಮುಳುಗಿಸಿ ಓಡಿಹೋಗುವವರ ಕೆಲಸ.

‘ಅದನ್ನೂ ನಾನು ಮಾಡಿಲ್ಲ’ ಎಂದೆ. ಹೊರಬಂದ ದನಿ ನನಗೇ ಜೋರೆನಿಸಿತು.

ಅವರು ಹೊಸ ಅರ್ಜಿ ಮುಂದಿಟ್ಟರು. ‘ಹಾಗಾದರೆ ಇಲ್ಲ ಎಂದು ಬರೆಯಿರಿ. ನಾಳೆಯಿಂದ ಕೆಲಸಕ್ಕೆ ಬನ್ನಿ.’

ಬರೆದೆ. ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

‘ಒಮ್ಮೆ ಇಲ್ಲ ಅಂದಿದ್ದಕ್ಕ ನಂಬಿದ್ರನ?’

‘ನಂಬಿದ್ರವ್ವ.’

‘ಇಲ್ಲಿ ಮಂದಿ ಇನ್ನೂ ಕೇಳ್ತಾರ, ಆ ಚೀಟಿ ಹುಡುಗಿ ಈಗ ಎಲ್ಲಿ ಅದಾಳಂತ. ಚಲೋ ಆತು ಬಿಡು, ಅಲ್ಲೇ ಇರು.’ ಮತ್ತೆ ಅವಳೇ, ‘ಯಾವಾಗ ಬರ್ತಿ?’ ಎಂದಳು.

‘ನಾಳೆ ಏಳಕ್ಕ ಡ್ಯೂಟಿ ಐತವ್ವ’ ಎಂದೆ.